ಕಡಲ ಕಾವಲಿನ ಕಸುಬು

ಕಾಪುವಿನ ಕಡಲತಡಿಯಲ್ಲಿ ನಿಂತವರ ಕಣ್ಣಿಗೆ ಕಾಣುವ ನೀರು ಹೆಚ್ಚೆಂದರೆ ನಾಲ್ಕೂವರೆ ಕಿಲೋಮೀಟರ್. ಅದರಾಚೆ ಭೂಮಿ ಬಾಗಿಬಿಡುತ್ತದೆ. ಮೂವತ್ತು ಮೀಟರ್ ಎತ್ತರಕ್ಕೆ ಹತ್ತಿದರೆ ಬಾನಂಚು ಇಪ್ಪತ್ತು ಕಿ.ಮೀ. ದೂರಕ್ಕೆ ಸರಿಯುತ್ತದೆ. ಮೂರು ಸಾವಿರ ಮೀಟರ್ ಮೇಲೆ ಹಾರುವ ವಿಮಾನದ ಕಿಟಕಿಯಿಂದ ಅದು ಇನ್ನೂರು ಕಿ.ಮೀ.ಗೆ ಹತ್ತಿರ. ರೇಡಾರ್ ಅಲೆಗಳು ಗಾಳಿಯಲ್ಲಿ ತುಸು ಬಾಗಿ ಸಾಗುವುದರಿಂದ ಅವಕ್ಕೆ ಇನ್ನೂ ಇಪ್ಪತ್ತೈದು ಕಿ.ಮೀ. ಹೆಚ್ಚು ಎಟುಕುತ್ತದೆ. ಎತ್ತರ ನಾಲ್ಕು ಪಟ್ಟಾದಾಗ ನೋಟ ಎರಡು ಪಟ್ಟಾಗುತ್ತದೆ ಎಂಬ ಈ ಒಂದು ಲೆಕ್ಕವೇ ನೌಕಾಪಡೆಗಳನ್ನು ಆಕಾಶಕ್ಕೆ ಹತ್ತಿಸಿತು.

ಹತ್ತಿದ ಮೇಲೆ ಎಷ್ಟು ಜಾಗ ಕಾಯಬೇಕು ಎಂಬುದು ಮುಂದಿನ ಪ್ರಶ್ನೆ. ಕಡಲ ಸಂಪತ್ತಿನ ಮೇಲೆ ಭಾರತಕ್ಕೆ ಹಕ್ಕಿರುವ ಅನನ್ಯ ಆರ್ಥಿಕ ವಲಯ (ಇಇಜೆಡ್) 20 ಲಕ್ಷ ಚದರ ಕಿ.ಮೀ.ಗಿಂತ ಹೆಚ್ಚು. ಹತ್ತು ಕರ್ನಾಟಕಗಳನ್ನು ನೀರಿನ ಮೇಲೆ ಹಾಸಿದಷ್ಟು. ಅಪಾಯದಲ್ಲಿರುವವರನ್ನು ಹುಡುಕಿ ಉಳಿಸುವ ಹೊಣೆ ನಮ್ಮದೆಂದು ಒಪ್ಪಿಕೊಂಡ ಪ್ರದೇಶವಂತೂ 46 ಲಕ್ಷ ಚದರ ಕಿ.ಮೀ. ಗಂಟೆಗೆ ಮುನ್ನೂರು ಕಿ.ಮೀ. ವೇಗದ ಒಂದು ಡಾರ್ನಿಯರ್ ವಿಮಾನ ದೊಡ್ಡ ಹಡಗುಗಳನ್ನು ಹುಡುಕುತ್ತ ನೂರು ಕಿ.ಮೀ. ಅಗಲದ ಪಟ್ಟಿಯನ್ನು ರೇಡಾರಿನಿಂದ ಗುಡಿಸುತ್ತ ಹೋದರೆ ಗಂಟೆಗೆ 30,000 ಚದರ ಕಿ.ಮೀ. ನೋಡಿ ಮುಗಿಸಬಹುದು. ಅದೇ ವಿಮಾನ ಮಗುಚಿದ ದೋಣಿಯ ಹಲಗೆಗೆ ಆತುಕೊಂಡ ಇಬ್ಬರನ್ನು ಬರಿಗಣ್ಣಿನಿಂದ ಹುಡುಕಬೇಕಾದರೆ ಪಟ್ಟಿಯ ಅಗಲ ಒಂದು ಕಿ.ಮೀ.ಗೆ ಇಳಿಯುತ್ತದೆ, ಗಂಟೆಯ ದುಡಿಮೆ 300 ಚದರ ಕಿ.ಮೀ.ಗೆ. ಹುಡುಕುವ ವಸ್ತು ಬದಲಾದರೆ ಅದೇ ಕಡಲು ನೂರು ಪಟ್ಟು ದೊಡ್ಡದಾಗುತ್ತದೆ.

ಈ ಕಸುಬಿನ ತಿರುಳು ನನಗೆ ಕಾಣುವುದು ಇಲ್ಲಿ. 'ಕಂಡಿತು' ಎನ್ನುವುದು ಸುಲಭ, ಕಂಡದ್ದನ್ನು ತೋರಿಸಿದರಾಯಿತು. 'ಕಾಣಲಿಲ್ಲ' ಎನ್ನುವುದು ಇನ್ನೂ ಸುಲಭ. 'ಅಲ್ಲಿ ಇಲ್ಲ' ಎನ್ನುವುದಿದೆಯಲ್ಲ, ಅದು ಕಷ್ಟದ್ದು. ಕಾಣಲಿಲ್ಲ ಎಂಬ ಮಾತನ್ನು ಇಲ್ಲ ಎಂಬ ಮಾತಿಗೆ ಎಷ್ಟು ಹತ್ತಿರ ತರಬಹುದು, ಯಾವ ಧೈರ್ಯದ ಮೇಲೆ ತರಬಹುದು ಎಂಬುದರ ಸುತ್ತಲೇ ಕಡಲ ಕಣ್ಗಾವಲಿನ ವಿದ್ಯೆಯೆಲ್ಲ ಬೆಳೆದಿದೆ.

ಅದು ವಿದ್ಯೆಯಾಗಿ ರೂಪುಗೊಂಡದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಅಟ್ಲಾಂಟಿಕ್ ಸಾಗರದ ಮೇಲೆ. ಜರ್ಮನಿಯ ಜಲಾಂತರ್ಗಾಮಿಗಳು ಬ್ರಿಟನ್ನಿಗೆ ಅನ್ನ, ಎಣ್ಣೆ ಹೊತ್ತು ತರುವ ಹಡಗುಗಳನ್ನು ಮುಳುಗಿಸುತ್ತಿದ್ದವು. ಬ್ರಿಟನ್ನಿನ ಕೋಸ್ಟಲ್ ಕಮಾಂಡ್ ವಿಮಾನಗಳು ದಿನವಿಡೀ ಹಾರಿದರೂ ಬೇಟೆ ಸಿಗುತ್ತಿರಲಿಲ್ಲ. 1941ರಲ್ಲಿ ಅಲ್ಲಿಗೆ ಹೋದ ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಮತ್ತು ಅವರ ಜತೆಗಾರರು ಹೊಸ ಆಯುಧ ಕೇಳಲಿಲ್ಲ, ಹಾರಾಟದ ದಾಖಲೆಗಳನ್ನು ಕೇಳಿದರು. ಎಷ್ಟು ಗಂಟೆ ಹಾರಿದಿರಿ, ಎಷ್ಟು ಸಲ ಕಂಡಿರಿ, ನೀವು ಕಾಣುವ ಮೊದಲೇ ಅವರು ನಿಮ್ಮನ್ನು ಕಂಡು ಮುಳುಗಿದ್ದು ಎಷ್ಟು ಸಲ? ಆ ಲೆಕ್ಕದಿಂದ ಹೊರಬಂದ ಉಪಾಯಗಳ ಸರಳತೆ ಬೆರಗು ಹುಟ್ಟಿಸುತ್ತದೆ. ರಾತ್ರಿ ಬಾಂಬು ಹಾಕಲೆಂದು ತಯಾರಾದ ವಿಮಾನಗಳ ಹೊಟ್ಟೆಗೆ ಕಪ್ಪು ಬಣ್ಣ ಇತ್ತು; ಮೋಡ ಕವಿದ ಉತ್ತರದ ಆಕಾಶದಲ್ಲಿ ಆ ಕಪ್ಪು ದೂರದಿಂದಲೇ ಎದ್ದು ಕಾಣುತ್ತಿತ್ತು. ಬಿಳಿ ಬಳಿದರು. ಜಲಾಂತರ್ಗಾಮಿಯ ಮೇಲೆ ನಿಂತ ಕಾವಲುಗಾರನಿಗೆ ವಿಮಾನ ಕಾಣುವುದು ತಡವಾಯಿತು, ವಿಮಾನಕ್ಕೆ ಬೇಕಾದ ಕೆಲವು ಕ್ಷಣ ಸಿಕ್ಕಿತು.

ಇನ್ನೊಂದು, ಇ. ಜೆ. ವಿಲಿಯಮ್ಸ್ ಅವರ ಕೆಲಸ. ನೀರಿಗೆ ಬೀಳಿಸುವ ಸ್ಫೋಟಕಗಳು ನೂರು ಅಡಿ ಆಳದಲ್ಲಿ ಸಿಡಿಯುವಂತೆ ಹೊಂದಿಸಿದ್ದರು. ವಿಮಾನ ಕಂಡೊಡನೆ ಜಲಾಂತರ್ಗಾಮಿ ಮುಳುಗುತ್ತದೆ, ಸ್ಫೋಟಕ ಬೀಳುವ ಹೊತ್ತಿಗೆ ಅಷ್ಟು ಆಳಕ್ಕೆ ಹೋಗಿರುತ್ತದೆ ಎಂಬುದು ತರ್ಕ. ವಿಲಿಯಮ್ಸ್ ಕೇಳಿದ್ದು ಇಷ್ಟೇ: ಅಷ್ಟು ಆಳಕ್ಕೆ ಹೋಗಲು ಸಮಯ ಸಿಕ್ಕ ಜಲಾಂತರ್ಗಾಮಿ ಎಡಕ್ಕೋ ಬಲಕ್ಕೋ ಸರಿಯಲೂ ಸಮಯ ಪಡೆದಿರುತ್ತದಲ್ಲ? ಅದು ಎಲ್ಲಿದೆಯೆಂದು ಯಾರಿಗೆ ಗೊತ್ತು? ಸಿಗುವಂಥದ್ದು ಇನ್ನೂ ಮೇಲ್ಮೈಯಲ್ಲಿರುವುದು ಮಾತ್ರ, ಅದಕ್ಕೆ ನೂರು ಅಡಿಯ ಸ್ಫೋಟ ತಾಗುವುದೇ ಇಲ್ಲ. ಆಳವನ್ನು ಇಪ್ಪತ್ತೈದು ಅಡಿಗೆ ಇಳಿಸಿದ ಮೇಲೆ ದಾಳಿಗಳು ಫಲ ಕೊಡತೊಡಗಿದವು. ಇದೇ ಬ್ಲ್ಯಾಕೆಟ್ ಸ್ವಾತಂತ್ರ್ಯದ ಬಳಿಕ ನೆಹರೂ ಅವರ ಕರೆಯ ಮೇರೆಗೆ ಭಾರತಕ್ಕೆ ಬಂದು ರಕ್ಷಣಾ ವಿಜ್ಞಾನದ ಬಗ್ಗೆ ಸಲಹೆ ಕೊಟ್ಟರು. 1948ರಲ್ಲಿ ಡಿ. ಎಸ್. ಕೊಠಾರಿ ಅವರ ನೇತೃತ್ವದಲ್ಲಿ ಹುಟ್ಟಿದ ರಕ್ಷಣಾ ವಿಜ್ಞಾನ ಸಂಸ್ಥೆಯ ಹಿಂದೆ ಅವರ ಆಲೋಚನೆಯೂ ಇದೆ.

ಅತ್ತ ಅಮೆರಿಕದಲ್ಲಿ ಬರ್ನಾರ್ಡ್ ಕೂಪ್‌ಮನ್ ಎಂಬ ಗಣಿತಜ್ಞರು ಹುಡುಕಾಟಕ್ಕೇ ಒಂದು ಗಣಿತ ಬರೆದರು. ಒಂದು ಪ್ರದೇಶದಲ್ಲಿ ಅಡ್ಡಾದಿಡ್ಡಿಯಾಗಿ ಹಾರುತ್ತ ಒಟ್ಟಿನಲ್ಲಿ ಆ ಪ್ರದೇಶದ ವಿಸ್ತೀರ್ಣದಷ್ಟೇ ನೀರನ್ನು ನೋಡಿದಿರಿ ಎನ್ನಿ. ಹುಡುಕುತ್ತಿರುವುದು ಸಿಗುವ ಸಂಭವ ಎಷ್ಟು? ನೂರಕ್ಕೆ ಅರವತ್ತಮೂರು. ಕೆಲವು ಜಾಗವನ್ನು ಮೂರು ಸಲ ನೋಡಿರುತ್ತೀರಿ, ಕೆಲವನ್ನು ನೋಡಿಯೇ ಇರುವುದಿಲ್ಲ. ಎರಡು ಪಟ್ಟು ನೋಡಿದರೂ ಸಂಭವ ಎಂಬತ್ತಾರರ ಆಸುಪಾಸು. ಆದ್ದರಿಂದಲೇ ಗಸ್ತು ವಿಮಾನಗಳು ಗೆರೆ ಎಳೆದಂತೆ ಹಾರುತ್ತವೆ. ವಿಶಾಲ ಪ್ರದೇಶಕ್ಕೆ ಉಳುಮೆಯ ಸಾಲಿನಂತೆ ಒಂದರ ಪಕ್ಕ ಒಂದು ಸಮಾನಾಂತರ ದಾರಿ. ಅಪಘಾತದ ಜಾಗ ಹೆಚ್ಚುಕಡಿಮೆ ಗೊತ್ತಿದ್ದರೆ ಅಲ್ಲಿಂದ ಹೊರಟು ಸುತ್ತ ಸುತ್ತ ದೊಡ್ಡದಾಗುವ ಚೌಕ. ಜಾಗ ಇನ್ನೂ ಖಚಿತವಿದ್ದರೆ ಅದೇ ಬಿಂದುವನ್ನು ಬೇರೆ ಬೇರೆ ದಿಕ್ಕಿನಿಂದ ಮತ್ತೆ ಮತ್ತೆ ಹಾಯುವುದು. ಆ ಬಿಂದುವೂ ನಿಂತಲ್ಲಿ ನಿಲ್ಲುವುದಿಲ್ಲ. ಗಾಳಿ ಒಂದು ಕಡೆ ತಳ್ಳುತ್ತದೆ, ನೀರಿನ ಸೆಳೆತ ಇನ್ನೊಂದು ಕಡೆ ಒಯ್ಯುತ್ತದೆ. ನೀರಿನಲ್ಲಿ ಮುಳುಗಿರುವ ಮನುಷ್ಯನಿಗಿಂತ ಗಾಳಿ ತುಂಬಿದ ರಬ್ಬರ್ ತೆಪ್ಪ ಬೇಗ ಸರಿಯುತ್ತದೆ. ಹುಡುಕುವವರು ಗಂಟೆಗಂಟೆಗೂ ನಕ್ಷೆಯ ಚೌಕವನ್ನು ಸರಿಸುತ್ತ, ಹಿಗ್ಗಿಸುತ್ತ ಇರಬೇಕು.

ಇಷ್ಟೆಲ್ಲ ಲೆಕ್ಕದ ಕೊನೆಯಲ್ಲಿ ಒಂದು ಕಿಟಕಿ, ಅದರ ಹಿಂದೆ ಒಂದು ಜೊತೆ ಕಣ್ಣು. ನೋಡಲು ಏನೂ ಇಲ್ಲದ ನೀಲಿಯನ್ನು ದಿಟ್ಟಿಸುತ್ತಿದ್ದರೆ ಕಣ್ಣು ತನ್ನಷ್ಟಕ್ಕೆ ಒಂದೆರಡು ಮೀಟರ್ ದೂರಕ್ಕೆ ದೃಷ್ಟಿ ನೆಟ್ಟುಬಿಡುತ್ತದೆ. ನೋಡುತ್ತಿದ್ದೇನೆ ಎಂದುಕೊಂಡೇ ಏನನ್ನೂ ನೋಡದ ಸ್ಥಿತಿ ಅದು. ಅದಕ್ಕೆ ಪಳಗಿದವರು ಆಗಾಗ ರೆಕ್ಕೆಯ ತುದಿಯನ್ನೋ ದೂರದ ಮೋಡದ ಅಂಚನ್ನೋ ನೋಡಿ ಕಣ್ಣನ್ನು ಮತ್ತೆ ದೂರಕ್ಕೆ ತಂದುಕೊಳ್ಳುತ್ತಾರೆ. ಒಂದೇ ಕಡೆ ನೆಡದೆ ತುಂಡು ತುಂಡಾಗಿ, ತಡೆದು ತಡೆದು ನೋಟ ಸರಿಸುತ್ತಾರೆ. ಹೊತ್ತಿಗೊಮ್ಮೆ ಜಾಗ ಬದಲಿಸಿಕೊಳ್ಳುತ್ತಾರೆ. ಗಾಳಿ ಎದ್ದ ದಿನ ಅಲೆಗಳ ತಲೆಯ ಮೇಲೆ ಸಾವಿರಾರು ಬಿಳಿ ನೊರೆಗಳು ಮೂಡಿ ಮಾಯವಾಗುತ್ತವೆ; ಮಾಯವಾಗದೆ ಉಳಿದ ಒಂದು ಬಿಳಿಯನ್ನು ಗುರುತಿಸಬೇಕು. ರೇಡಾರಿಗೂ ಇದೇ ಕಷ್ಟ. ಪ್ರತಿಯೊಂದು ಅಲೆಯೂ ಒಂದಿಷ್ಟು ಪ್ರತಿಧ್ವನಿ ಕೊಡುತ್ತದೆ, ಮರದ ದೋಣಿಯ ಪ್ರತಿಧ್ವನಿ ಅದರಲ್ಲಿ ಕಳೆದುಹೋಗುತ್ತದೆ.

ಕಂಡ ಮೇಲೆ ಅದು ಏನು ಎಂಬ ಪ್ರಶ್ನೆ. ಇದಕ್ಕೆ ಉತ್ತರ ಯಂತ್ರಕ್ಕಿಂತ ಮೊದಲು ರೂಢಿಯಿಂದ ಬರುತ್ತದೆ. ಅಡಿಕೆ ತೋಟವನ್ನು ನಿತ್ಯ ಸುತ್ತುವವರಿಗೆ ಸಾವಿರ ಮರಗಳ ನಡುವೆ ಸೋಗೆಯ ಬಣ್ಣ ತಿರುಗಿದ ಒಂದು ಮರ ತಟ್ಟನೆ ಕಾಣುವಂತೆ, ಒಂದೇ ಕಡಲಿನ ಮೇಲೆ ವರ್ಷಗಟ್ಟಲೆ ಹಾರಿದವರಿಗೆ ಅದರ ದಿನಚರಿ ಗೊತ್ತಿರುತ್ತದೆ. ಹೊರ್ಮುಜ್ ಕಡೆಯಿಂದ ಬರುವ ತೈಲ ಹಡಗುಗಳಲ್ಲಿ ಪೂರ್ವಕ್ಕೆ ಹೋಗುವವು ಲಕ್ಷದ್ವೀಪದ ಹತ್ತಿರ, ಮಿನಿಕಾಯ್‌ಗೆ ಉತ್ತರದ ಒಂಬತ್ತು ಡಿಗ್ರಿ ಕಾಲುವೆ ಹಾಯ್ದು ಶ್ರೀಲಂಕಾದ ದಕ್ಷಿಣ ತುದಿಗೆ ಹೋಗುತ್ತವೆ. ಮಂಗಳೂರಿನ ತೈಲ ಶುದ್ಧೀಕರಣಾಗಾರ ಎಂಆರ್‌ಪಿಎಲ್‌ಗೆ ಕಚ್ಚಾತೈಲ ತರುವವು ಪಣಂಬೂರಿನತ್ತ ತಿರುಗುತ್ತವೆ. ಮಂಗಳೂರಿನ ಹಳೇ ಬಂದರಿನಿಂದ ಅಕ್ಕಿ, ತರಕಾರಿ, ಜಲ್ಲಿ ಹೊತ್ತ ಮಂಜಿ ಎಂಬ ಸರಕು ಹಡಗುಗಳು ಲಕ್ಷದ್ವೀಪಕ್ಕೆ ಹೋಗುತ್ತವೆ. ಆಳಸಮುದ್ರದ ಟ್ರಾಲ್ ಬೋಟು ಬಲೆ ಎಳೆಯುತ್ತ ನಿಧಾನಕ್ಕೆ ಸಾಗುತ್ತದೆ. ಪರ್ಸಿನ್ ಬೋಟು ಮೀನಿನ ಹಿಂಡಿನ ಸುತ್ತ ವೃತ್ತ ಬಳಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆ ಅರವತ್ತೊಂದು ದಿನಗಳಲ್ಲಿ ದಡದಿಂದ ದೂರ ಒಂದು ಟ್ರಾಲ್ ಬೋಟು ಕಂಡರೆ ಅದೇ ಒಂದು ಸುದ್ದಿ. ರಾತ್ರಿ ಕಡಲ ನಡುವೆ ಜಾತ್ರೆಯಷ್ಟು ಬೆಳಕು ಕಂಡರೆ ಅದು ನಿಷೇಧವಿರುವ ಬೆಳಕು ಮೀನುಗಾರಿಕೆ ಇರಬಹುದು. ಮೀನು ದೋಣಿಯಲ್ಲಿ ಬಲೆಗಳಿಲ್ಲದೆ ಬರೀ ಇಂಧನದ ಪೀಪಾಯಿಗಳಿದ್ದರೆ, ಅದರ ಹಿಂದೆ ಎರಡು ವೇಗದ ದೋಣಿಗಳನ್ನು ಕಟ್ಟಿದ್ದರೆ, ಅವುಗಳಲ್ಲಿ ಕೊಕ್ಕೆ ಇರುವ ಏಣಿ ಕಂಡರೆ, ಅವರು ಮೀನಿಗೆ ಬಂದವರಲ್ಲ. ಮೀನುಗಾರನಿಗೆ ಏಣಿ ಬೇಕಿಲ್ಲ.

ಯಂತ್ರಗಳ ಪೈಕಿ ಎರಡರ ಬಗ್ಗೆ ಹೇಳಲೇಬೇಕು. ದೊಡ್ಡ ಹಡಗುಗಳು ಎಐಎಸ್ ಎಂಬ ಸಾಧನದ ಮೂಲಕ ತಮ್ಮ ಹೆಸರು, ಇರುವ ಜಾಗ, ವೇಗ, ದಿಕ್ಕುಗಳನ್ನು ಕೆಲವು ಸೆಕೆಂಡಿಗೊಮ್ಮೆ ರೇಡಿಯೋದಲ್ಲಿ ಸಾರುತ್ತಲೇ ಇರುತ್ತವೆ. ಅಂತಾರಾಷ್ಟ್ರೀಯ ಸಂಚಾರ ಮಾಡುವ 300 ಟನ್ನೇಜ್‌ಗಿಂತ ದೊಡ್ಡ ಹಡಗಿಗೆ ಇದು ಕಡ್ಡಾಯ. ಡಿಕ್ಕಿ ತಪ್ಪಿಸಲು ಹುಟ್ಟಿದ ಈ ವ್ಯವಸ್ಥೆ ಕಾವಲಿನವರಿಗೆ ವರವಾಗಿದೆ. ಆದರೆ ಅದು ಹಡಗು ತಾನೇ ಹೇಳಿಕೊಳ್ಳುವ ಮಾತು. ಸುಳ್ಳು ಹೇಳಬಹುದು, ಬಾಯಿ ಮುಚ್ಚಲೂಬಹುದು. ರೇಡಾರಿನಲ್ಲಿ ಚುಕ್ಕೆ ಇದ್ದು ಎಐಎಸ್‌ನಲ್ಲಿ ಹೆಸರಿಲ್ಲದಿದ್ದರೆ ವಿಮಾನ ಅತ್ತ ತಿರುಗುತ್ತದೆ.

ಇನ್ನೊಂದು ಯಂತ್ರ ನನಗೆ ಬಹಳ ಮೆಚ್ಚು. ಹತ್ತಾರು ಕಿ.ಮೀ. ದೂರದಿಂದ, ಮೋಡದ ಮೇಲಿನಿಂದ, ಕತ್ತಲೆಯಲ್ಲಿ ಹಡಗಿನ ಆಕಾರ ತೋರಿಸುವ ರೇಡಾರ್ ವಿಧಾನವೊಂದಿದೆ. ಹಡಗು ಅಲೆಗಳ ಮೇಲೆ ಓಲಾಡುತ್ತದಷ್ಟೆ. ಓಲಾಡುವಾಗ ಅದರ ಪಟಸ್ತಂಭದ ತುದಿ ವೇಗವಾಗಿ ಚಲಿಸುತ್ತದೆ, ಒಡಲು ನಿಧಾನವಾಗಿ. ಮರಳಿ ಬರುವ ರೇಡಾರ್ ಅಲೆಯಲ್ಲಿ ಈ ವೇಗಗಳ ವ್ಯತ್ಯಾಸ ದಾಖಲಾಗಿರುತ್ತದೆ. ಅದನ್ನು ಬಿಡಿಸಿದರೆ ಯಾವ ಭಾಗ ಎಷ್ಟು ಎತ್ತರದಲ್ಲಿದೆ ಎಂಬ ಚಿತ್ರ ಪರದೆಯ ಮೇಲೆ ಮೂಡುತ್ತದೆ. ಕ್ರೇನುಗಳೆಷ್ಟು, ಹೊಗೆಗೂಡು ಹಿಂದಿದೆಯೋ ನಡುವೆಯೋ, ಸರಕಿನ ಹಡಗೋ ಯುದ್ಧನೌಕೆಯೋ ಎಂದು ಹೇಳಬಹುದು. ಕಡಲು ಶಾಂತವಾಗಿ ಹಡಗು ಅಲುಗದಿದ್ದರೆ ಚಿತ್ರ ಮಸುಕು. ಹುಡುಕುವವರ ಕಣ್ಣಿಗೆ ಅಡ್ಡಿಯಾಗುವ ಅಲೆಯೇ ಇಲ್ಲಿ ನೆರವಿಗೆ ಬರುತ್ತದೆ.

ಹೆಸರು ಬದಲಿಸಿದರೂ ಆಕಾರ ಬದಲಿಸಲು ಆಗದು ಎಂಬುದಕ್ಕೆ 1999ರ ಒಂದು ಪ್ರಕರಣ ಸಾಕು. ಜಪಾನಿನ ಮಾಲೀಕರ ಅಲೊಂಡ್ರಾ ರೇನ್‌ಬೋ ಎಂಬ ಹಡಗು ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾದ ಕ್ವಾಲಾ ತಂಜುಂಗ್ ಬಂದರಿನಿಂದ ಸುಮಾರು 7,000 ಟನ್ ಅಲ್ಯೂಮಿನಿಯಂ ಗಟ್ಟಿಗಳನ್ನು ಹೊತ್ತು ಜಪಾನಿಗೆ ಹೊರಟಿತು. ಕಡಲ್ಗಳ್ಳರು ಅದನ್ನು ವಶಪಡಿಸಿಕೊಂಡು ಹದಿನೇಳು ಸಿಬ್ಬಂದಿಯನ್ನು ತೆಪ್ಪದಲ್ಲಿ ಕಡಲಿಗೆ ಬಿಟ್ಟರು. ಅವರನ್ನು ಥಾಯ್ಲೆಂಡಿನ ಮೀನುಗಾರರು ಕಾಪಾಡಿದರು. ಹಡಗು ಮಾತ್ರ ಮಾಯ. ಕ್ವಾಲಾಲಂಪುರದ ಕಡಲ್ಗಳ್ಳತನ ವರದಿ ಕೇಂದ್ರ ಅದರ ವಿವರವನ್ನು ಎಲ್ಲೆಡೆ ಹರಡಿತು. ನವೆಂಬರ್ ಮಧ್ಯದಲ್ಲಿ ಭಾರತದ ಪಶ್ಚಿಮಕ್ಕೆ ಅಂಥದೇ ಆಕಾರದ ಹಡಗೊಂದು ಕಂಡ ಸುದ್ದಿ ಬಂತು. ಅದರ ಮೇಲಿದ್ದ ಹೆಸರು ಮೆಗಾ ರಾಮಾ, ಬಾವುಟ ಬೆಲೀಜ್ ದೇಶದ್ದು. ಕೋಸ್ಟ್ ಗಾರ್ಡ್ ವಿಮಾನ ಹಾರಿ ನೋಡಿತು. ರೇಡಿಯೋದಲ್ಲಿ ಕೇಳಿದ ಪ್ರಶ್ನೆಗಳಿಗೆ ಸರಿಯಾದ ಉತ್ತರ ಬರಲಿಲ್ಲ, ನಿಲ್ಲೆಂದರೆ ಹಡಗು ನಿಲ್ಲಲಿಲ್ಲ. ಕೋಸ್ಟ್ ಗಾರ್ಡಿನ ನೌಕೆ ತಾರಾಬಾಯಿ ಬೆನ್ನಟ್ಟಿತು, ನೌಕಾಪಡೆಯ ಪ್ರಹಾರ್ ಸೇರಿಕೊಂಡಿತು. ನವೆಂಬರ್ 16ರಂದು ಹಡಗು ಸೆರೆಯಾಯಿತು. ಒಳಗಿದ್ದವರು ಬೆಂಕಿಯಿಟ್ಟು, ನೀರು ನುಗ್ಗಿಸಿ ಅದನ್ನು ಮುಳುಗಿಸಲು ನೋಡಿದ್ದರು. ನಮ್ಮವರು ಬೆಂಕಿ ಆರಿಸಿ, ನೀರು ಹೊರಹಾಕಿ, ಮುಂಬೈಗೆ ಎಳೆದು ತಂದರು.

ನೀರಿನ ಮೇಲಿರುವುದರ ಕತೆ ಇದಾದರೆ, ನೀರೊಳಗಿರುವುದರ ಕತೆಯೇ ಬೇರೆ. ಅಲ್ಲಿ ಬೆಳಕು ಹೋಗದು, ರೇಡಾರ್ ಹೋಗದು. ಹೋಗುವುದು ಶಬ್ದ ಮಾತ್ರ. ತಮಿಳುನಾಡಿನ ಅರಕ್ಕೋಣಂನಲ್ಲಿರುವ ಐಎನ್‌ಎಸ್ ರಾಜಾಳಿ ನೆಲೆಗೆ 2013ರಲ್ಲಿ, ಜಲಾಂತರ್ಗಾಮಿಗಳನ್ನು ಹುಡುಕುವ ಪಿ-8ಐ ವಿಮಾನಗಳಲ್ಲಿ ಮೊದಲನೆಯದು ಬಂದಿಳಿಯಿತು. ಈಗ ಅಂಥ ಹನ್ನೆರಡು ಇವೆ, ಕೆಲವು ಗೋವಾದ ಹಂಸ ನೆಲೆಯಲ್ಲಿ. ಅದಕ್ಕೂ ಮುಂಚೆ ಆ ಕೆಲಸ ಮಾಡುತ್ತಿದ್ದುದು ರಷ್ಯಾದ ಟಿಯು-142 ಮತ್ತು ಐಎಲ್-38 ವಿಮಾನಗಳು. ಮೊದಲನೆಯದು 2017ರಲ್ಲಿ, ಎರಡನೆಯದು ನಲವತ್ತಾರು ವರ್ಷ ದುಡಿದು 2023ರಲ್ಲಿ ನಿವೃತ್ತವಾದವು. ಈ ವಿಮಾನಗಳು ಸೋನೋಬಾಯ್ ಎಂಬ ಕೊಳವೆಗಳನ್ನು ಕಡಲಿಗೆ ಬೀಳಿಸುತ್ತವೆ. ಕೊಳವೆ ತೇಲುತ್ತದೆ, ಅದರಿಂದ ಒಂದು ತಂತಿ ಕೆಳಗಿಳಿದು, ತಂತಿಯ ತುದಿಯ ಕಿವಿ ಆಳದಲ್ಲಿ ಆಲಿಸುತ್ತದೆ, ಕೇಳಿದ್ದನ್ನು ರೇಡಿಯೋ ಮೇಲಕ್ಕೆ ಕಳಿಸುತ್ತದೆ. ಕೆಲವು ಗಂಟೆಗಳಾದ ಮೇಲೆ ತಾನೇ ಮುಳುಗಿಹೋಗುತ್ತದೆ.

ಕಿವಿಯನ್ನು ಎಷ್ಟು ಆಳಕ್ಕೆ ಇಳಿಸಬೇಕು ಎಂಬುದರಲ್ಲಿ ಕೈಚಳಕವಿದೆ. ಬಿಸಿ ನೀರಿನಲ್ಲಿ ಶಬ್ದ ಬೇಗ ಓಡುತ್ತದೆ, ತಣ್ಣೀರಿನಲ್ಲಿ ನಿಧಾನ. ಹಾಗಾಗಿ ಅದು ತಣ್ಣಗಿರುವ ಕಡೆಗೆ ಬಾಗುತ್ತದೆ. ಗಾಳಿಯಿಲ್ಲದ ದಿನ ಮಧ್ಯಾಹ್ನದ ಹೊತ್ತಿಗೆ ಮೇಲ್ಪದರ ಕಾದು, ಮೇಲಿನ ಶಬ್ದವೆಲ್ಲ ಕೆಳಕ್ಕೆ ಬಾಗಿ, ಬೆಳಿಗ್ಗೆ ಚೆನ್ನಾಗಿ ಕೇಳುತ್ತಿದ್ದ ಸೋನಾರ್ ಮಂದವಾಗುತ್ತದೆ. ನೌಕಾಪಡೆಗಳು ಇದನ್ನು ಬಹಳ ಹಿಂದೆಯೇ ಗಮನಿಸಿದ್ದವು. ರಾತ್ರಿ ತಂಪಾಗಿ ನೀರು ಬೆರೆತ ಮೇಲೆ ಮತ್ತೆ ಸರಿಹೋಗುತ್ತದೆ. ಜಲಾಂತರ್ಗಾಮಿಯ ನಾಯಕನಿಗೂ ಇದು ಗೊತ್ತು, ಆತ ಕಾದ ಪದರದ ಕೆಳಗೆ ಅವಿತುಕೊಳ್ಳುತ್ತಾನೆ. ಆದ್ದರಿಂದ ಬೇಟೆ ಶುರುವಾಗುವುದು ಕಡಲಿನ ಶಾಖವನ್ನು ಆಳಕ್ಕೆ ತಕ್ಕಂತೆ ಅಳೆಯುವುದರಿಂದ. ಇಲ್ಲಿ 'ಕೇಳಲಿಲ್ಲ' ಎನ್ನುವುದಕ್ಕೆ ಬೆಲೆ ಬರುವುದು 'ಕೇಳಿಸಬಹುದಾದ ಆಳದಲ್ಲಿ ಕಿವಿಯಿಟ್ಟಿದ್ದೆ' ಎಂದು ಜೊತೆಗೆ ಹೇಳಲು ಸಾಧ್ಯವಾದಾಗ.

ವಿಮಾನದೊಳಗೆ ಈ ಎಲ್ಲವನ್ನೂ ಕೂಡಿಸಿ ತೀರ್ಮಾನ ಮಾಡುವವರು ಅಬ್ಸರ್ವರ್ ಎಂಬ ಶಾಖೆಯ ಅಧಿಕಾರಿಗಳು. ಎಲ್ಲಿಗೆ ತಿರುಗಬೇಕು, ಯಾವ ಚುಕ್ಕೆಯನ್ನು ಬಿಡಬೇಕು, ಇಂಧನ ಎಷ್ಟು ಹೊತ್ತಿಗೆ ಸಾಕು ಎಂಬುದು ಅವರ ತಲೆಯಲ್ಲಿ ಓಡುತ್ತಿರುತ್ತದೆ. 2022ರ ಆಗಸ್ಟ್ 3ರಂದು ಪೋರಬಂದರಿನಿಂದ ಹೊರಟ ಡಾರ್ನಿಯರ್ ಒಂದರಲ್ಲಿ ಪೈಲಟ್‌ಗಳಿಂದ ಹಿಡಿದು ಸೆನ್ಸರ್ ನೋಡುವವರವರೆಗೆ ಐವರೂ ಮಹಿಳೆಯರೇ ಇದ್ದರು. ಲೆಫ್ಟಿನೆಂಟ್ ಕಮಾಂಡರ್ ಆಂಚಲ್ ಶರ್ಮಾ ಅವರ ನೇತೃತ್ವ. ಉತ್ತರ ಅರಬ್ಬಿ ಸಮುದ್ರದ ಮೇಲೆ ಪೂರ್ತಿ ಮಹಿಳೆಯರೇ ನಡೆಸಿದ ಮೊದಲ ಕಣ್ಗಾವಲು ಹಾರಾಟ ಅದು.

ದಡದ ಕಾವಲು ಬಿಗಿಯಾದದ್ದು 2008ರ ನವೆಂಬರ್ 26ರ ಬಳಿಕ. ಕುಬೇರ್ ಎಂಬ ಮೀನು ಬೋಟನ್ನು ಹಿಡಿದು ಬಂದ ಹಂತಕರು ಮುಂಬೈ ತಲುಪಿದರು. ಸಾವಿರಾರು ಬೋಟುಗಳ ನಡುವೆ ಒಂದು ಬೋಟು. ಆಮೇಲೆ ದೇಶದ ಅಂಚಿನುದ್ದಕ್ಕೂ, ದ್ವೀಪಗಳೂ ಸೇರಿ, ಮೊದಲ ಹಂತದಲ್ಲಿ 46 ಕಡೆ ರೇಡಾರ್ ಮತ್ತು ಕ್ಯಾಮೆರಾಗಳ ಸರಪಳಿ ಬಂತು. ಅದನ್ನು ಕಟ್ಟಿಕೊಟ್ಟದ್ದು ಬೆಂಗಳೂರಿನ ಬಿಇಎಲ್. ನೌಕಾಪಡೆಗೆ ಬರುವ ಚಿತ್ರಗಳೆಲ್ಲ ಕೂಡುವುದು ಗುರುಗ್ರಾಮದ ಕೇಂದ್ರದಲ್ಲಿ. 2018ರಿಂದ ಅಲ್ಲಿಯೇ ಹಿಂದೂ ಮಹಾಸಾಗರದ ಮಾಹಿತಿ ಕೇಂದ್ರವೂ ಇದ್ದು, ಬೇರೆ ದೇಶಗಳ ನೌಕಾ ಅಧಿಕಾರಿಗಳೂ ಕೂತು ಕೆಲಸ ಮಾಡುತ್ತಾರೆ. ನಮ್ಮ ಕರಾವಳಿಯಲ್ಲಿ ಮಲ್ಪೆಯಲ್ಲಿ ಕೇಂದ್ರ ಕಚೇರಿ ಇರುವ ಕರಾವಳಿ ಕಾವಲು ಪೊಲೀಸರು, ಪಣಂಬೂರಿನ ಕೋಸ್ಟ್ ಗಾರ್ಡ್, ಕಾರವಾರದ ಕದಂಬ ನೌಕಾನೆಲೆ ಇದಕ್ಕೆ ಕೈಜೋಡಿಸಿವೆ.

ಎಲ್ಲವೂ ಒಟ್ಟಿಗೆ ಕೂಡಿದಾಗ ಏನಾಗುತ್ತದೆ ಎಂಬುದನ್ನು 2024ರ ಮಾರ್ಚ್ ತೋರಿಸಿತು. ಹಿಂದಿನ ಡಿಸೆಂಬರಿನಲ್ಲಿ ಸೊಮಾಲಿಯಾದ ಕಡಲ್ಗಳ್ಳರು ಹಿಡಿದಿದ್ದ ರುಯೆನ್ ಎಂಬ ಸರಕಿನ ಹಡಗು, ಇತರ ಹಡಗುಗಳ ಮೇಲೆ ದಾಳಿ ಮಾಡಲು ಅವರ ತಾಯಿ ಹಡಗಾಗಿ ಮತ್ತೆ ಕಡಲಿಗಿಳಿದಿತ್ತು. ಭಾರತದ ತೀರದಿಂದ ಸುಮಾರು 2,600 ಕಿ.ಮೀ. ದೂರ. ಕಣ್ಗಾವಲು ಅದನ್ನು ಪತ್ತೆಹಚ್ಚಿತು, ಐಎನ್‌ಎಸ್ ಕೋಲ್ಕತಾ ಅಡ್ಡಗಟ್ಟಿತು. ಹಡಗಿನಿಂದ ಹಾರಿಸಿದ ಡ್ರೋನ್ ಕಡಲ್ಗಳ್ಳರಿರುವುದನ್ನು ಖಚಿತಪಡಿಸಿತು. ಅವರು ಅದನ್ನು ಹೊಡೆದುರುಳಿಸಿದರು. ಪಿ-8ಐ ಮತ್ತು ಚಾಲಕರಹಿತ ವಿಮಾನಗಳು ಮೇಲಿನಿಂದ ನೋಟ ಕದಲಿಸಲಿಲ್ಲ. ವಾಯುಪಡೆಯ ಸಿ-17 ವಿಮಾನದಿಂದ ಕಮಾಂಡೋಗಳು ಧುಮುಕಿದರು. ನಲವತ್ತು ಗಂಟೆಗಳ ಕೊನೆಗೆ 35 ಕಡಲ್ಗಳ್ಳರು ಶರಣಾದರು, 17 ಸಿಬ್ಬಂದಿ ಗಾಯವಿಲ್ಲದೆ ಹೊರಬಂದರು.

ಇಂಥ ಗೆಲುವುಗಳ ಪಕ್ಕದಲ್ಲಿ ನಮ್ಮ ಕರಾವಳಿಯವರು ಮರೆಯದ ಇನ್ನೊಂದು ಹುಡುಕಾಟವನ್ನೂ ಇಡಬೇಕು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಎರಡು ದಿನಗಳ ಬಳಿಕ ಸಂಪರ್ಕ ಕಳೆದುಕೊಂಡಿತು. ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಏಳು ಮೀನುಗಾರರು ಅದರಲ್ಲಿದ್ದರು. ವಿಮಾನ, ಹೆಲಿಕಾಪ್ಟರ್, ಹಡಗುಗಳು ಹುಡುಕಿದವು, ಕಾಣಲಿಲ್ಲ. ಮನೆಯವರು ತಿಂಗಳುಗಟ್ಟಲೆ ಆ ಒಂದು ಮಾತಿನ ಮೇಲೆ ದಿನ ದೂಡಿದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದಾಚೆ, ಸುಮಾರು ಅರವತ್ತು ಮೀಟರ್ ಆಳದಲ್ಲಿ, ನೌಕಾಪಡೆಯ ನಿರೀಕ್ಷಕ್ ಹಡಗು ಬೋಟಿನ ಅವಶೇಷವನ್ನು ಪತ್ತೆಹಚ್ಚಿತು. ಆಕಾಶದಿಂದ ಎಷ್ಟು ಹುಡುಕಿದರೂ ಸಿಗುವ ಜಾಗದಲ್ಲಿ ಅದು ಇರಲಿಲ್ಲ.

ಹುಡುಕಬೇಕಾದ ಚೌಕವನ್ನು ಚಿಕ್ಕದು ಮಾಡುವ ದಾರಿ ಎಂದರೆ ಬೋಟು ತಾನಿರುವ ಜಾಗವನ್ನು ಕೊನೆಯ ಗಳಿಗೆಯವರೆಗೂ ತಾನೇ ಹೇಳುತ್ತಿರುವುದು. 20 ಮೀಟರ್‌ಗಿಂತ ಚಿಕ್ಕ ಬೋಟುಗಳಿಗೆ ಎಐಎಸ್ ಕಡ್ಡಾಯವಲ್ಲ, ಮೊಬೈಲ್ ಸಿಗ್ನಲ್ ದಡ ಬಿಟ್ಟ ಸ್ವಲ್ಪ ದೂರಕ್ಕೇ ನಿಲ್ಲುತ್ತದೆ. 2024ರಲ್ಲಿ ಕೇಂದ್ರ ಸರ್ಕಾರ ದೇಶದ ಒಂದು ಲಕ್ಷ ಮೀನು ಬೋಟುಗಳಿಗೆ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್‌ಗಳನ್ನು ಉಚಿತವಾಗಿ ಅಳವಡಿಸುವ ಯೋಜನೆಗೆ ಚಾಲನೆ ಕೊಟ್ಟಿತು. ಅದು ಉಪಗ್ರಹದ ಮೂಲಕ ಬೋಟಿನ ಜಾಗವನ್ನು ದಡಕ್ಕೆ ತಿಳಿಸುತ್ತದೆ. ಬೋಟು ನಡೆಸುವ ತಾಂಡೇಲ ಚಿಕ್ಕ ಸಂದೇಶ ಕಳಿಸಬಹುದು, ದಡದಿಂದ ಚಂಡಮಾರುತದ ಎಚ್ಚರಿಕೆ ಪಡೆಯಬಹುದು, ಗಡಿ ದಾಟುತ್ತಿದ್ದರೆ ತಿಳಿಯಬಹುದು, ಅಪಾಯವಾದರೆ ಗುಂಡಿಯೊತ್ತಬಹುದು. ಆ ಗುಂಡಿಯೊತ್ತಿದ ಬೋಟಿಗಾಗಿ ಹೊರಡುವ ಡಾರ್ನಿಯರ್, ಸಾವಿರಾರು ಚದರ ಕಿಲೋಮೀಟರ್ ಕಡಲಿನ ಬದಲು ಒಂದು ಬಿಂದುವಿನಿಂದ ತನ್ನ ಚೌಕವನ್ನು ಶುರು ಮಾಡಬಹುದು.